ಊಟದ ಸಾಲಿನಲ್ಲಿ ನಿಂತವರು ಯಾರು?

ನಗರದ ಕ್ರೈಸ್ತ ಸಭೆಯೊಂದು ಬಡವರಿಗೆ ಊಟ ಹಾಕಲು ಶುರುಮಾಡಿದರೆ ಮೊದಲ ವರ್ಷ ಎಲ್ಲರಿಗೂ ಉತ್ಸಾಹ. ಅಡುಗೆಗೆ ಕೈಗಳು ಸಿಗುತ್ತವೆ, ಕಾಣಿಕೆ ಬರುತ್ತದೆ, ವಾರ್ಷಿಕ ವರದಿಯಲ್ಲಿ ಹಾಕಲು ಒಂದು ಅಂಕಿಯೂ ಸಿಗುತ್ತದೆ. ಎರಡನೆಯ ವರ್ಷ ಸಾಲು ಉದ್ದವಾಗುತ್ತದೆ. ಆಗ ಸಭಾ ಸಮಿತಿಯಲ್ಲಿ ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇನ್ನಷ್ಟು ದಿನಸಿ ಎಲ್ಲಿಂದ ತರುವುದು? ಸಭಾಪಾಲಕನ, ಅಂದರೆ ಪಾದ್ರಿಯ, ಹೊಣೆಯಿಂದ ನಿವೃತ್ತನಾದ ಮೇಲೆ ನನ್ನಲ್ಲಿ ಗಟ್ಟಿಯಾಗುತ್ತ ಬಂದಿರುವ ಅಭಿಪ್ರಾಯ ಇಷ್ಟು: ದಿನಸಿಯ ಪ್ರಶ್ನೆ ಕೇಳುವ ದಿನವೇ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಸಾಲಿನಲ್ಲಿ ನಿಂತವರು ಯಾರು, ನಿನ್ನೆ ಎಲ್ಲಿ ಕೆಲಸ ಮಾಡಿದರು, ಆ ಕೆಲಸದ ಕೂಲಿ ಎಲ್ಲಿ ಹೋಯಿತು?

ಇದನ್ನು ಕೇಳಿ ಉತ್ತರ ಪಡೆದ ಸಭೆಗಳಿವೆ. ಅಮೆರಿಕದ ಬಾಲ್ಟಿಮೋರಿನಲ್ಲಿ ‘ಬಿಲ್ಡ್’ ಎಂಬ ಒಕ್ಕೂಟದಲ್ಲಿ ಸೇರಿದ್ದ ಸಭೆಗಳು ತಮ್ಮ ಊಟದ ಮನೆಗಳಿಗೆ ಬರುತ್ತಿದ್ದವರನ್ನು ಮಾತಾಡಿಸಿದಾಗ, ಅವರಲ್ಲಿ ಎಷ್ಟೋ ಜನ ಕೆಲಸವಿಲ್ಲದವರಲ್ಲ, ದಿನವೂ ದುಡಿಯುವವರು ಎಂಬುದು ಗೊತ್ತಾಯಿತು. ಕೂಲಿ ಸಾಲದೆ ಅವರು ತಟ್ಟೆ ಹಿಡಿದಿದ್ದರು. ನಗರಾಡಳಿತವೇ ಗುತ್ತಿಗೆಗೆ ಕೊಟ್ಟ ಕೆಲಸಗಳ ಕೂಲಿಯೂ ಹಾಗೆಯೇ ಇತ್ತು. ಅಂದರೆ ನಗರ ಉಳಿಸಿಕೊಂಡ ಹಣವನ್ನು ಸಭೆಗಳ ಕಾಣಿಕೆ ತುಂಬಿಕೊಡುತ್ತಿತ್ತು. ಸಭೆಗಳು ಕಾರ್ಮಿಕ ಸಂಘದ ಜೊತೆ ಸೇರಿದವು. ನಗರದ ಗುತ್ತಿಗೆ ಹಿಡಿದವರು ಕಾನೂನಿನ ಕನಿಷ್ಠ ಕೂಲಿಗಿಂತ ಹೆಚ್ಚಿಗೆ, ಬದುಕಲು ಸಾಲುವಷ್ಟು ಕೊಡಬೇಕೆಂಬ ನಿಯಮ 1994ರಲ್ಲಿ ಬಂತು. 2001ರಲ್ಲಿ ಪೂರ್ವ ಲಂಡನ್ನಿನ ಚರ್ಚು, ಮಸೀದಿ, ಸಂಘಗಳ ಒಕ್ಕೂಟವೊಂದು ಇದೇ ಬೇಡಿಕೆಯನ್ನು ಎತ್ತಿಕೊಂಡಿತು.

ಊಟ ನಿಲ್ಲಿಸಿ ಹೋರಾಟ ಮಾಡಿ ಎಂದು ನಾನು ಹೇಳುತ್ತಿಲ್ಲ. ಹಸಿದವನಿಗೆ ಮೊದಲು ಅನ್ನ. ಆದರೆ ಊಟದ ಸಾಲಿನಷ್ಟು ಸತ್ಯ ಹೇಳುವ ದಾಖಲೆ ಸಭೆಯ ಕೈಯಲ್ಲಿ ಬೇರೊಂದಿಲ್ಲ, ಅದನ್ನು ಓದದೆ ಬಿಡುವುದು ಅನ್ಯಾಯ.

ಓದುವುದಕ್ಕೂ ಒಂದು ಕ್ರಮವಿದೆ. ತಟ್ಟೆ ಕೈಗೆ ಬರುವ ಮುಂಚೆ ಏನನ್ನೂ ಕೇಳಬಾರದು. ಆಗ ಕೇಳಿದ ಪ್ರಶ್ನೆ ಊಟದ ಬೆಲೆಯಾಗಿಬಿಡುತ್ತದೆ. ಏನು ಹೇಳಿದರೆ ನಾಳೆಯೂ ಊಟ ಸಿಗುತ್ತದೋ ಅದನ್ನೇ ಜನ ಹೇಳುತ್ತಾರೆ. ಬಡಿಸುವವರಲ್ಲಿ ಅರ್ಧದಷ್ಟು ಜನ ಸೌಟು ಕೆಳಗಿಟ್ಟು ತಾವೂ ಪಕ್ಕದಲ್ಲಿ ಕೂತು ಉಣ್ಣಬೇಕು. ಮಾತು ಅಲ್ಲಿ ತಾನಾಗಿ ಹುಟ್ಟುತ್ತದೆ. ಊಟ ಮುಗಿದು ಎಲ್ಲರೂ ಹೋದ ಮೇಲೆ, ಹೆಸರು ಬರೆಯದೆ, ಒಂದು ಹಾಳೆಯಲ್ಲಿ ಐದೇ ಕಲಮು ಮಾಡಿ ಗೀಟು ಹಾಕಿದರೆ ಸಾಕು: ಈಗ ಕೆಲಸವಿದೆಯೇ, ಕೊನೆಯ ಬಟವಾಡೆ ಯಾವಾಗ ಆಯಿತು, ಬಾಡಿಗೆ ಬಾಕಿ ಇದೆಯೇ, ಮನೆಯಲ್ಲಿ ಕಾಯಿಲೆಯವರಿದ್ದಾರೆಯೇ, ಸಿಗಬೇಕಾದ ಸವಲತ್ತು ಯಾವ ಕಾಗದವಿಲ್ಲದೆ ನಿಂತಿದೆ. ಭಾಷೆ ಬಾರದವರ ಮಾತನ್ನು ಅವರ ಮಕ್ಕಳಿಂದ ಹೇಳಿಸಬೇಡಿ. ಅಪ್ಪನ ಸಾಲ, ಅಮ್ಮನ ಕಾಯಿಲೆಯನ್ನು ಮಗು ಹೊರಗಿನವರಿಗೆ ಬಿಡಿಸಿ ಹೇಳುವಂತಾಗಬಾರದು. ಹೇಳಿದರೂ ಅರ್ಧ ಮುಚ್ಚಿಟ್ಟೇ ಹೇಳುತ್ತದೆ.

ಹೀಗೆ ಎರಡು ತಿಂಗಳು ಲೆಕ್ಕವಿಟ್ಟರೆ ಸಾಲಿಗೆ ಒಂದು ಆಕಾರ ಬರುತ್ತದೆ. ತಿಂಗಳ ಕೊನೆಯ ಹತ್ತು ದಿನ ಮಾತ್ರ ಸಾಲು ಬೆಳೆಯುತ್ತಿದ್ದರೆ ಕೆಲಸವಿದೆ, ಸಂಬಳ ಸಾಲುತ್ತಿಲ್ಲ. ತಿಂಗಳಿಡೀ ಒಂದೇ ಸಮ ಇದ್ದರೆ ಅಲ್ಲಿ ಇರುವವರು ಹೆಚ್ಚಾಗಿ ಕಾಯಿಲೆಯವರು, ಮುದುಕರು, ಕೆಲಸ ಕಳೆದುಕೊಂಡವರು. ಒಂದೇ ಓಣಿಯಿಂದ ಒಂದೇ ವಾರ ಹೊಸ ಮುಖಗಳು ಬಂದರೆ ಅಲ್ಲಿ ಯಾವುದೋ ಕಾರ್ಖಾನೆ ಬಾಗಿಲು ಹಾಕಿದೆ, ಇಲ್ಲವೇ ಯಾರನ್ನೋ ಒಕ್ಕಲೆಬ್ಬಿಸಿದ್ದಾರೆ. ಶಾಲೆಯ ರಜೆಯಲ್ಲಿ ಮಕ್ಕಳ ಸಂಖ್ಯೆ ಏರಿದರೆ, ಆ ಮಕ್ಕಳಿಗೆ ಶಾಲೆಯಲ್ಲಿ ಸಿಗುವುದೇ ದಿನದ ಮುಖ್ಯ ಊಟವಿರಬಹುದು. ಪ್ರತಿಯೊಂದಕ್ಕೂ ಬೇಕಾದ ಕೆಲಸ ಬೇರೆ. ಎಲ್ಲಕ್ಕೂ ಒಂದೇ ಪಾತ್ರೆಯ ಸಾರು ಉತ್ತರವಾಗುವುದಿಲ್ಲ.

ಸಭೆಯೊಳಗೇ ಈ ಪ್ರಶ್ನೆ ಎದ್ದ ಮೊದಲ ಪ್ರಸಂಗ ಸತ್ಯವೇದದ (ಬೈಬಲಿನ) ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿದೆ. ಯೆರೂಸಲೇಮಿನ ಸಭೆಯ ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ಗುಂಪಿನ ವಿಧವೆಯರನ್ನು ಕಡೆಗಣಿಸಲಾಗುತ್ತಿತ್ತು. ದೂರು ಬಂತು. ಅಪೊಸ್ತಲರು, ಅಂದರೆ ಯೇಸು ಆರಿಸಿದ ಶಿಷ್ಯರು, ದೂರಿದವರನ್ನು ಗದರಿಸಲಿಲ್ಲ, ಹಂಚಿಕೆಯ ಪ್ರಮಾಣ ಹೆಚ್ಚಿಸುತ್ತೇವೆಂದು ಸಮಾಧಾನ ಹೇಳಿಯೂ ಕಳಿಸಲಿಲ್ಲ. ಇಡೀ ಸಭೆಯನ್ನು ಕರೆದು ಏಳು ಜನರನ್ನು ಆರಿಸಲು ಹೇಳಿದರು. ಆ ಏಳು ಹೆಸರುಗಳನ್ನು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಅನ್ಯಾಯವಾದ ಗುಂಪಿನವರ ಕೈಗೇ ಉಗ್ರಾಣವನ್ನು ಕೊಟ್ಟರು ಎಂದೇ ನಾನು ಇದನ್ನು ಓದುತ್ತೇನೆ. ನಗರ ಸೇವೆಯ ಬಗ್ಗೆ ಸತ್ಯವೇದದಲ್ಲಿ ಇದಕ್ಕಿಂತ ಪ್ರಾಯೋಗಿಕವಾದ ಭಾಗ ನನಗೆ ಕಂಡಿಲ್ಲ. ಉಣ್ಣುವವರಲ್ಲಿ ಯಾರೂ ಇಲ್ಲದ ಊಟದ ಸಮಿತಿ ಇನ್ನೂ ದೂರು ಎದ್ದ ಆ ಮೊದಲ ವಚನದಲ್ಲೇ ನಿಂತಿದೆ.

ಇತಿಹಾಸದಲ್ಲಿ ಇನ್ನೊಂದು ಬಗೆಯ ಪ್ರಯತ್ನವೂ ಇದೆ, ಅದರಿಂದ ಕಲಿಯುವುದು ಬಹಳ. 1819ರಲ್ಲಿ ಸಭಾಪಾಲಕ ಥಾಮಸ್ ಚಾಮರ್ಸ್ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಸೇಂಟ್ ಜಾನ್ಸ್ ಎಂಬ ಹೊಸ ಪ್ಯಾರಿಷಿನ (ಒಂದು ಚರ್ಚಿಗೆ ಸೇರಿದ ಪ್ರದೇಶದ) ಹೊಣೆ ಹೊತ್ತರು. ಸುಮಾರು 10,000 ಜನರಿದ್ದ, ಗಿರಣಿ ಕೆಲಸಗಾರರಿಂದ ತುಂಬಿದ ಪ್ರದೇಶ. ಅದನ್ನು 25 ತುಂಡು ಮಾಡಿ ಒಂದೊಂದಕ್ಕೂ ಒಬ್ಬ ಸಭಾಸೇವಕನನ್ನು ನೇಮಿಸಿದರು. ಕಷ್ಟವೆಂದು ಬಂದವರ ಮನೆಗೆ ಆತ ಹೋಗಬೇಕು, ವಿಚಾರಿಸಬೇಕು, ಬಂಧುಗಳಿಂದ ನೆರವಾಗುವುದೇ ನೋಡಬೇಕು, ಏನೂ ಆಗದಿದ್ದರೆ ಮಾತ್ರ ಚರ್ಚಿನ ಬಾಗಿಲ ಕಾಣಿಕೆಯಿಂದ ಕೊಡಬೇಕು. ವ್ಯವಸ್ಥೆಯ ದೃಷ್ಟಿಯಿಂದ ಇದು ಅದ್ಭುತ ಕೆಲಸ. ಪ್ರದೇಶವನ್ನು ಸಣ್ಣದಾಗಿ ಹಂಚಿ ಮನೆಮನೆ ತಿರುಗುವ ಕ್ರಮ ಇಂದಿಗೂ ಕೈಹಿಡಿಯುತ್ತದೆ. ಎಡವಿದ್ದು ರೋಗ ಗುರುತಿಸುವುದರಲ್ಲಿ. ಬಡತನವೆಂದರೆ ಶೀಲ ಮತ್ತು ನೆರೆಹೊರೆಯ ಪ್ರಶ್ನೆ ಎಂದು ಚಾಮರ್ಸ್ ನಂಬಿದ್ದರು. ವ್ಯಾಪಾರ ಕುಸಿದು ಇಡೀ ಬೀದಿಯ ಮಗ್ಗಗಳು ನಿಂತರೆ ಪಕ್ಕದ ಮನೆಯವನು ಪಕ್ಕದ ಮನೆಯವನಿಗೆ ಏನು ಕೊಟ್ಟಾನು? ವಿಚಾರಣೆಗೆ ಹೋದವನು ಬಡವನ ಸ್ವಭಾವವನ್ನು ಅಳೆದ, ಅವನ ಕೂಲಿಯನ್ನು ಅಳೆಯಲಿಲ್ಲ. ಇಂದಿಗೂ ಮನೆಭೇಟಿಯ ನಮೂನೆಗಳಲ್ಲಿ ‘ಕುಡಿತವಿದೆಯೇ’ ಎಂಬ ಕಲಮು ಇರುತ್ತದೆ, ‘ಕೊಡಬೇಕಾದ ಕೂಲಿ ಬಾಕಿ ಎಷ್ಟು’ ಎಂಬ ಕಲಮು ಇರುವುದಿಲ್ಲ.

ಬೆಂಕಿಕಡ್ಡಿಯ ಕಥೆ ಇದರ ಇನ್ನೊಂದು ಮಗ್ಗುಲು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೂರ್ವ ಲಂಡನ್ನಿನ ಬೆಂಕಿಕಡ್ಡಿ ಕಾರ್ಖಾನೆಗಳಲ್ಲಿ ಬಿಳಿ ರಂಜಕ ಬಳಸುತ್ತಿದ್ದರು. ಅದರ ಹೊಗೆಗೆ ಕೆಲಸಗಾರ್ತಿಯರ ದವಡೆಯ ಮೂಳೆ ಕೊಳೆಯುತ್ತಿತ್ತು. ಅವರಿಗೆ ಔಷಧಿ ಕೊಡಿಸುವುದು, ಆಸ್ಪತ್ರೆಗೆ ಹೋಗಿ ಪ್ರಾರ್ಥಿಸುವುದು ಸಭೆ ಮಾಡಬೇಕಾದ ಕೆಲಸವೇ. ಆದರೆ ಹಾಗೆ ನೂರು ವರ್ಷ ಮಾಡಿದರೂ ದವಡೆಗಳು ಕೊಳೆಯುವುದು ನಿಲ್ಲುತ್ತಿರಲಿಲ್ಲ. 1888ರಲ್ಲಿ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಸುಮಾರು 1,400 ಹೆಂಗಸರು, ಹುಡುಗಿಯರು ಮುಷ್ಕರ ಹೂಡಿ ದಂಡ, ಕಡಿತಗಳ ವಿರುದ್ಧ ಗೆದ್ದರು. 1891ರಲ್ಲಿ ವಿಲಿಯಂ ಬೂತ್ ಅವರ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆ ತಾನೇ ಒಂದು ಬೆಂಕಿಕಡ್ಡಿ ಕಾರ್ಖಾನೆ ತೆರೆಯಿತು: ಬಿಳಿಯ ಬದಲು ಅಪಾಯವಿಲ್ಲದ ಕೆಂಪು ರಂಜಕ, ಬೇರೆಡೆಗಿಂತ ಹೆಚ್ಚಿನ ಕೂಲಿ. ವ್ಯಾಪಾರದಲ್ಲಿ ಅದು ಬಹಳ ವರ್ಷ ಬಾಳಲಿಲ್ಲ, ಕಡ್ಡಿಯ ಬೆಲೆ ಹೆಚ್ಚಾಗುತ್ತಿತ್ತು. ಆದರೂ ‘ಬೇರೆ ದಾರಿಯಿಲ್ಲ’ ಎಂಬ ಮಾಲೀಕರ ವಾದ ಅಲ್ಲಿಗೆ ಮುರಿಯಿತು. 1901ರ ಹೊತ್ತಿಗೆ ಬ್ರಯಂಟ್ ಅಂಡ್ ಮೇ ಬಿಳಿ ರಂಜಕ ಬಿಟ್ಟಿತು. ಬಿಳಿ ರಂಜಕದ ಕಡ್ಡಿಗಳ ವಿರುದ್ಧ ಹಲವು ದೇಶಗಳು ಮಾಡಿಕೊಂಡ 1906ರ ಬರ್ನ್ ಒಪ್ಪಂದದ ನಂತರ ಬ್ರಿಟನ್ ಅದನ್ನು ನಿಷೇಧಿಸಿ 1908ರಲ್ಲಿ ಕಾನೂನು ಮಾಡಿತು. ಇಲ್ಲಿ ಕೆಲಸಗಾರರು ಎದ್ದದ್ದು, ಸಭೆ ಮಾಡಿ ತೋರಿಸಿದ್ದು, ಸರ್ಕಾರ ಕಾನೂನು ಮಾಡಿದ್ದು, ಮೂರೂ ಬೇಕಾದವು. ಸಭೆ ತನ್ನ ಪಾಲನ್ನೇ ಇಡೀ ಕೆಲಸ ಎಂದುಕೊಂಡರೆ ಉಳಿದೆರಡು ನಡೆಯುವುದಿಲ್ಲ.

ಸಾಲಿನಿಂದ ಹೊರಟು ಬೀದಿಗೆ ಹೋಗುವುದು ಹೇಗೆ? ಒಬ್ಬೊಬ್ಬರನ್ನೇ ಭೇಟಿ ಮಾಡುವುದರಿಂದ. ಮೂವತ್ತರಿಂದ ನಲವತ್ತೈದು ನಿಮಿಷ, ಅವರ ಮನೆಯಲ್ಲೋ ಕೆಲಸದ ಜಾಗದ ಹತ್ತಿರವೋ. ಕೈಯಲ್ಲಿ ನಮೂನೆ ಇರಬಾರದು. ಇದು ಸಮೀಕ್ಷೆಯಲ್ಲ, ಆಪ್ತಸಲಹೆಯೂ ಅಲ್ಲ. ನಿಮಗೆ ಸಿಟ್ಟು ಬರಿಸುವುದು ಏನು, ಎಷ್ಟು ದಿನದಿಂದ ಹೀಗಿದೆ, ಯಾರ ಹತ್ತಿರ ಹೋಗಿದ್ದಿರಿ, ಅವರು ಏನಂದರು, ಕಷ್ಟ ಬಂದಾಗ ಈ ಓಣಿಯಲ್ಲಿ ಮೊದಲು ಯಾರ ಬಾಗಿಲು ತಟ್ಟುತ್ತೀರಿ? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಬೇರೆ ಬೇರೆ ಮೂವರ ಬಾಯಲ್ಲಿ ಬಂದ ಹೆಸರು ಆ ಓಣಿಯ ನಿಜವಾದ ಮುಂದಾಳಿನದು. ಆ ವ್ಯಕ್ತಿ ಸಭೆಯ ಸದಸ್ಯರೇ ಆಗಿರಬೇಕಿಲ್ಲ, ಅನೇಕ ವೇಳೆ ಆಗಿರುವುದಿಲ್ಲ. ಮಾತಾಡುವಾಗ ಬರೆದುಕೊಳ್ಳದೆ ಹೊರಗೆ ಬಂದ ಕೂಡಲೇ ಬರೆದಿಡಿ. ಸಂಜೆಯವರೆಗೆ ಬಿಟ್ಟರೆ ಅವರ ಮಾತು ಹೋಗಿ ನಿಮ್ಮ ಸಾರಾಂಶ ಉಳಿಯುತ್ತದೆ. ವಾರಕ್ಕೆ ಎಂಟು ಹತ್ತು ಭೇಟಿಯಾದರೆ ಮೂರು ತಿಂಗಳಲ್ಲಿ ನೂರರ ಹತ್ತಿರ ಬರುತ್ತದೆ. ಅದಕ್ಕಿಂತ ಮುಂಚೆ ಯಾವ ಯೋಜನೆಯನ್ನೂ ಘೋಷಿಸದಿರುವುದು ಒಳ್ಳೆಯದು. ಹೊಸದಾಗಿ ಬಂದ ಸಭಾಪಾಲಕರು ಮೊದಲ ತಿಂಗಳಲ್ಲೇ ಹೊಲಿಗೆ ತರಗತಿ, ಕಂಪ್ಯೂಟರ್ ತರಗತಿ ಎಂದು ಘೋಷಿಸಿ, ಯಾರೂ ಬರಲಿಲ್ಲವೆಂದು ಜನರನ್ನೇ ದೂರುವುದು ನಮ್ಮ ಸಭೆಗಳಲ್ಲಿ ಹಳೆಯ ರೋಗ.

ಭೇಟಿಗಳ ನಂತರ ಮನೆಕೂಟ. ಎಂಟು ಹತ್ತು ಜನ, ಒಬ್ಬರ ಮನೆ, ಒಂದೂವರೆ ಗಂಟೆ. ಇಲ್ಲಿ ಸಮಸ್ಯೆಯನ್ನು ಬೇಡಿಕೆಯಾಗಿ ಕಡಿದುಕೊಳ್ಳಬೇಕು. ‘ರಾತ್ರಿ ಹೆಣ್ಣುಮಕ್ಕಳಿಗೆ ಭದ್ರತೆಯಿಲ್ಲ’ ಎಂಬುದು ಸಮಸ್ಯೆ. ಎಲ್ಲರೂ ತಲೆದೂಗುತ್ತಾರೆ, ಯಾರೂ ಏನೂ ಮಾಡಬೇಕಾಗುವುದಿಲ್ಲ. ‘ಬಸ್ ನಿಲ್ದಾಣದಿಂದ ಈ ಓಣಿಯ ಕೊನೆಯವರೆಗೆ ಕೆಟ್ಟಿರುವ ಒಂಬತ್ತು ದೀಪಗಳನ್ನು ಮುಂದಿನ ತಿಂಗಳ 15ರೊಳಗೆ ಸರಿಮಾಡಬೇಕು’ ಎಂಬುದು ಬೇಡಿಕೆ. ಕಂಬದ ಸಂಖ್ಯೆಗಳನ್ನು ಬರೆದುಕೊಂಡು ಹೋದರೆ ಅಧಿಕಾರಿ ‘ನೋಡೋಣ’ ಎನ್ನುವುದು ಕಷ್ಟ. ಮೊದಲ ಬೇಡಿಕೆ ಗೆಲ್ಲಬಹುದಾದಷ್ಟು ಸಣ್ಣದಿರಲಿ, ಆದರೆ ಓಣಿಯ ಹೆಚ್ಚಿನವರಿಗೆ ತಟ್ಟುವಂಥದ್ದಿರಲಿ. ಭೂಮಿಯ ಹಕ್ಕಿನಂಥ ವರ್ಷಗಟ್ಟಲೆ ಎಳೆಯುವ ವಿಷಯದಿಂದ ಆರಂಭಿಸಿದ ಗುಂಪುಗಳು ಮೊದಲ ವರ್ಷವೇ ಸುಸ್ತಾಗಿ ಚದುರುತ್ತವೆ.

ಕಸದ ಕೆಲಸವೂ ಹೀಗೆಯೇ ಸಣ್ಣದರಿಂದ ದೊಡ್ಡದಾದದ್ದು. ಶಿಕಾಗೋದ ವಲಸೆಗಾರರ ಬಡಾವಣೆಯಲ್ಲಿ 1889ರಲ್ಲಿ ಹಲ್ ಹೌಸ್ ಎಂಬ ಸೇವಾಮನೆ ಆರಂಭಿಸಿದ ಜೇನ್ ಆಡಮ್ಸ್ ಮಕ್ಕಳ ಸಾವುಗಳ ಹಿಂದೆ ಕೊಳೆಯುವ ಕಸವನ್ನು ಕಂಡರು, ದೂರುಗಳನ್ನು ಲೆಕ್ಕವಿಟ್ಟು ಕೊಟ್ಟರು, ಕೊನೆಗೆ 1895ರಲ್ಲಿ ಆ ವಾರ್ಡಿನ ಕಸ ತಪಾಸಕಿಯಾಗಿ ತಾವೇ ನೇಮಕಗೊಂಡು ಬೆಳಗಿನ ಜಾವ ಗಾಡಿಗಳ ಹಿಂದೆ ಹೊರಟರು. ಅದೇ ಮನೆಯಲ್ಲಿ ವಾಸವಿದ್ದ ಫ್ಲಾರೆನ್ಸ್ ಕೆಲಿ ಮನೆಮನೆಯ ಹೊಲಿಗೆ ಕೆಲಸವನ್ನು ಎಣಿಸಿ ದಾಖಲಿಸಿದ್ದರಿಂದ 1893ರಲ್ಲಿ ಇಲಿನಾಯ್ ರಾಜ್ಯಕ್ಕೆ ಕಾರ್ಖಾನೆ ಕಾಯಿದೆ ಬಂತು. ಅದರಲ್ಲಿದ್ದ ಹೆಂಗಸರ ಎಂಟು ಗಂಟೆ ದುಡಿಮೆಯ ನಿಯಮವನ್ನು ಎರಡೇ ವರ್ಷದಲ್ಲಿ ರಾಜ್ಯದ ಸುಪ್ರೀಂ ಕೋರ್ಟು ರದ್ದುಮಾಡಿತು. ಗೆದ್ದದ್ದು ಹೀಗೆ ಕೈಜಾರುವುದುಂಟು. ಲೆಕ್ಕ ಮಾತ್ರ ಉಳಿದಿತ್ತು, ಮುಂದಿನ ವಾದಗಳಿಗೆ ಅದೇ ಆಧಾರವಾಯಿತು.

ಅಧಿಕಾರಿಯ ಭೇಟಿಗೆ ಹೋಗುವ ಮುನ್ನ ಅಭ್ಯಾಸ ಮಾಡಲೇಬೇಕು, ಅದನ್ನು ಮಾಡುವವರು ಕಡಿಮೆ. ಮಾತಾಡುವವರು ಮೂವರು, ಮೂವರೂ ನಿವಾಸಿಗಳು, ತಲಾ ಎರಡು ನಿಮಿಷ. ಒಬ್ಬರು ಮಾತುಕತೆ ನಡೆಸಬೇಕು, ಒಬ್ಬರು ಬರೆದುಕೊಳ್ಳಬೇಕು. ಕೊನೆಯಲ್ಲಿ ಹೌದು ಅಥವಾ ಇಲ್ಲ ಎಂದು ಮಾತ್ರ ಉತ್ತರಿಸಬಹುದಾದ ಒಂದು ಪ್ರಶ್ನೆ. ಸಭಾಪಾಲಕ ಹೋಗಲಿ, ಕೂರಲಿ, ಮಾತಾಡದಿರಲಿ. ಬಿಳಿ ನಿಲುವಂಗಿಯನ್ನೋ ಕೊರಳಪಟ್ಟಿಯನ್ನೋ ಕಂಡ ಅಧಿಕಾರಿ ಅವರನ್ನೇ ನೋಡಿ ಉತ್ತರಿಸತೊಡಗುತ್ತಾನೆ. ಆಗ ಸಭಾಪಾಲಕ ತಿರುಗಿ, ಪ್ರಶ್ನೆ ಕೇಳಿದ ಹೆಂಗಸಿನ ಮುಖವನ್ನೇ ನೋಡುತ್ತಿರಬೇಕು. ಅಧಿಕಾರಿಯ ಕಣ್ಣೂ ಅತ್ತ ಹೊರಳುತ್ತದೆ. ಹೊರಗೆ ಬಂದ ಮೇಲೆ ಚದುರುವ ಮುಂಚೆ ಹತ್ತು ನಿಮಿಷ ಅಲ್ಲೇ ನಿಂತು, ಯಾರು ಚೆನ್ನಾಗಿ ಮಾತಾಡಿದರು, ಎಲ್ಲಿ ದಾರಿ ತಪ್ಪಿತು, ಮುಂದಿನ ತಾರೀಖು ಯಾವುದು ಎಂದು ಮಾತಾಡಿಕೊಳ್ಳಬೇಕು. ಜನ ಮುಂದಾಳುಗಳಾಗಿ ಬೆಳೆಯುವುದು ಆ ಹತ್ತು ನಿಮಿಷದಲ್ಲಿ.

ಕೂಲಿ ಬಾಕಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಗರದಲ್ಲಿ ಮತ್ತೆ ಮತ್ತೆ ಎದುರಾಗುವ ಅನ್ಯಾಯ ಇದು, ಸಭೆಗೆ ನೇರವಾಗಿ ಕೈಯಾಡಿಸಲು ಸಾಧ್ಯವಿರುವುದೂ ಇದರಲ್ಲೇ. ದಿನಗೂಲಿಯವರ ಕೈಯಲ್ಲಿ ಕಾಗದವಿರುವುದಿಲ್ಲ. ಹಾಜರಿ ಪುಸ್ತಕ ಮೇಸ್ತ್ರಿಯ ಜೇಬಿನಲ್ಲಿರುತ್ತದೆ. ಆದ್ದರಿಂದ ದಾಖಲೆಯನ್ನು ಹೊಸದಾಗಿ ಕಟ್ಟಬೇಕು. ಮೇಜಿನ ಮೇಲೆ ಆ ತಿಂಗಳುಗಳ ಕ್ಯಾಲೆಂಡರ್ ಬಿಡಿಸಿಡಿ. ಹಬ್ಬ, ಮಳೆ, ಮಗುವಿನ ಜ್ವರ, ಊರಿಗೆ ಹೋಗಿಬಂದ ದಿನ, ಹೀಗೆ ನೆನಪಿನ ಗೂಟಗಳನ್ನು ಹಿಡಿದು ಕೆಲಸ ಮಾಡಿದ ದಿನಗಳನ್ನು ಗುರುತಿಸಿ. ಫೋನಿನ ಕರೆಪಟ್ಟಿಯಲ್ಲಿ ಮೇಸ್ತ್ರಿ ಬೆಳಿಗ್ಗೆ ಮಾಡಿದ ಕರೆಗಳಿರುತ್ತವೆ, ಕೆಲಸದ ಜಾಗದಲ್ಲಿ ತೆಗೆದ ಫೋಟೋಗಳಲ್ಲಿ ತಾರೀಖಿರುತ್ತದೆ, ಬಸ್ ಚೀಟಿಗಳಿರಬಹುದು. ಜೊತೆಗೆ ದುಡಿದ ಇಬ್ಬರ ಹೇಳಿಕೆ ಬರೆಸಿ. ಮೇಸ್ತ್ರಿಯ ಹೆಸರಿಗೆ ನಿಲ್ಲಬೇಡಿ: ಅವನ ಮೇಲಿನ ಗುತ್ತಿಗೆದಾರ ಯಾರು, ಕಟ್ಟಡ ಯಾರದು, ಫಲಕದ ಮೇಲೆ ಯಾವ ಸಂಸ್ಥೆಯ ಹೆಸರಿದೆ ಎಂಬುದನ್ನೂ ಬರೆಯಿರಿ. ಮೇಸ್ತ್ರಿ ಮಾಯವಾಗಬಲ್ಲ, ಕಟ್ಟಡ ಮಾಯವಾಗುವುದಿಲ್ಲ. ಪಡೆದ ಮುಂಗಡವನ್ನು ಮರೆಮಾಚದೆ ಕಳೆಯಿರಿ. ಎದುರಿನವನು ಅದೊಂದನ್ನು ಎತ್ತಿಹಿಡಿದರೆ ಇಡೀ ಲೆಕ್ಕ ಸುಳ್ಳೆನಿಸುತ್ತದೆ. ದಿನಗಳು, ದಿನದ ದರ, ಹೆಚ್ಚುವರಿ ಗಂಟೆ, ಮುಂಗಡ, ಬಾಕಿ, ಎಲ್ಲ ಒಂದೇ ಪುಟದಲ್ಲಿ ಬರಲಿ. ಮೂರು ಪ್ರತಿ ಮಾಡಿ, ಕೊಟ್ಟ ಕಚೇರಿಯ ಮೊಹರು ಮತ್ತು ತಾರೀಖನ್ನು ನಿಮ್ಮ ಪ್ರತಿಯ ಮೇಲೆ ಹಾಕಿಸಿಕೊಳ್ಳಿ. ಸ್ವೀಕೃತಿಯಿಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ.

ಇಲ್ಲಿ ಕೆಡುವುದು ಎರಡು ಕಡೆ. ದೂರು ಕೊಡಲು ಕಾನೂನು ಇಟ್ಟಿರುವ ಗಡುವು ಮೀರಿಹೋಗುವುದು ಒಂದು. ಸಭೆಯವರು ‘ಮೊದಲು ಮಾತಾಡಿ ನೋಡೋಣ’ ಎಂದು ತಿಂಗಳುಗಳನ್ನು ಕಳೆಯುವುದರಿಂದಲೇ ಹಾಗಾಗುತ್ತದೆ. ಮಾತುಕತೆ ನಡೆಯಲಿ, ಗಡುವನ್ನು ಮೊದಲ ದಿನವೇ ವಕೀಲರಿಂದ ತಿಳಿದು ಗೋಡೆಗೆ ಬರೆದು ಹಾಕಿ. ಇನ್ನೊಂದು, ದೂರಿದವರ ಕೆಲಸ ಹೋಗುವುದು. ಒಬ್ಬರ ಹೆಸರಿನಲ್ಲಿ ಹೋದ ದೂರಿಗೆ ಸೇಡು ಸುಲಭ, ಹದಿನೈದು ಜನರ ಸಹಿಯಿದ್ದರೆ ಕಷ್ಟ. ಆ ಅಪಾಯವನ್ನು ಹೊರುವವರು ಅವರು, ನಾವಲ್ಲ. ಆದ್ದರಿಂದ ಹೋಗಬೇಕೋ ಬೇಡವೋ ಎಂಬ ತೀರ್ಮಾನ ಅವರದೇ ಇರಬೇಕು. ‘ಹೊತ್ತು ಮುಳುಗುವುದರೊಳಗೆ ಕೂಲಿ ಕೊಡಬೇಕು, ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ’ ಎಂಬ ಅರ್ಥದ, ಸತ್ಯವೇದದ ಧರ್ಮೋಪದೇಶಕಾಂಡದ ಆಜ್ಞೆ (24:15) ಪ್ರಸಂಗಪೀಠದಿಂದ ಎಷ್ಟು ಸಲ ಕೇಳಿಬಂದಿದೆ ಎಂದು ಪ್ರತಿ ಸಭೆಯೂ ಕೇಳಿಕೊಳ್ಳಬಹುದು. ದಶಮಾಂಶದ, ಅಂದರೆ ಆದಾಯದ ಹತ್ತನೆಯ ಒಂದು ಪಾಲು ಕಾಣಿಕೆ ಕೊಡಬೇಕೆಂಬ, ವಚನಗಳು ವರ್ಷಕ್ಕೆ ಹಲವು ಸಲ ಬರುತ್ತವೆ.

ಅನ್ಯಾಯ ಮಾಡುವವರು ಸಭೆಯೊಳಗೇ ಇದ್ದಾಗ ಏನು ಮಾಡಬೇಕು ಎಂಬುದು ನಗರ ಸೇವೆಯ ಅತಿ ಕಠಿಣ ಭಾಗ. ಬಾಡಿಗೆ ಮನೆಗಳ ಒಡೆಯರು, ಗುತ್ತಿಗೆದಾರರು, ಮನೆಗೆಲಸದವರನ್ನು ಇಟ್ಟುಕೊಂಡವರು ನಮ್ಮ ಬೆಂಚುಗಳಲ್ಲೇ ಕೂತಿರುತ್ತಾರೆ. ಕೆಲವರು ದೊಡ್ಡ ಕಾಣಿಕೆ ಕೊಡುವವರೂ ಹೌದು. ಸತ್ಯವೇದದ ನೆಹೆಮೀಯ 5ನೆಯ ಅಧ್ಯಾಯ ಈ ಸಂದರ್ಭಕ್ಕೇ ಬರೆದಂತಿದೆ. ಹೊಲ, ದ್ರಾಕ್ಷಿತೋಟ, ಮನೆಗಳನ್ನು ಒತ್ತೆಯಿಟ್ಟು ಧಾನ್ಯ ತಂದೆವು, ಮಕ್ಕಳನ್ನು ದಾಸತ್ವಕ್ಕೆ ಕೊಡುತ್ತಿದ್ದೇವೆ ಎಂದು ಜನ, ಅವರ ಹೆಂಡಂದಿರು ಕೂಗಿಕೊಂಡರು. ಸಾಲ ಕೊಟ್ಟವರು ಸ್ವಂತ ಸಹೋದರರೇ. ಯೆಹೂದದ ಅಧಿಪತಿಯಾಗಿದ್ದ ನೆಹೆಮೀಯ ಮಾಡಿದ್ದನ್ನು ಕ್ರಮವಾಗಿ ನೋಡಿ. ಕೂಗನ್ನು ಪೂರ್ತಿ ಕೇಳಿದ. ಬಹಳ ಸಿಟ್ಟಾದ. ಆದರೆ ಬಾಯಿ ತೆರೆಯುವ ಮುನ್ನ ಮನಸ್ಸಿನಲ್ಲೇ ಆಲೋಚಿಸಿದ. ಶ್ರೀಮಂತರು, ಅಧಿಕಾರಿಗಳಿಗೆ ಮೊದಲು ನೇರವಾಗಿ ಹೇಳಿದ. ನಂತರ ದೊಡ್ಡ ಸಭೆ ಸೇರಿಸಿದ. ‘ಸ್ವಲ್ಪ ದಯೆ ತೋರಿಸಿ’ ಎನ್ನಲಿಲ್ಲ. ಹೊಲ, ದ್ರಾಕ್ಷಿತೋಟ, ಎಣ್ಣೆಮರದ ತೋಪು, ಮನೆ, ಜೊತೆಗೆ ನೂರಕ್ಕೊಂದರ ಬಡ್ಡಿ, ಎಲ್ಲವನ್ನೂ ಈ ಹೊತ್ತೇ ಹಿಂದಿರುಗಿಸಿ ಎಂದು ಒಂದೊಂದಾಗಿ ಹೆಸರಿಸಿದ. ಅವರು ಒಪ್ಪಿದ ಕೂಡಲೇ ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸಿದ. ಅಧಿಪತಿಗೆ ಸಲ್ಲುವ ಭೋಜನದ ಹಕ್ಕನ್ನು ಹನ್ನೆರಡು ವರ್ಷ ತಾನೂ ತೆಗೆದುಕೊಳ್ಳಲಿಲ್ಲ. ಇದರಲ್ಲಿ ಯಾವ ಹೆಜ್ಜೆಯನ್ನು ಬಿಟ್ಟರೂ ಕೆಲಸ ಕೆಡುತ್ತದೆ. ಖಾಸಗಿಯಾಗಿ ಹೇಳದೆ ನೇರ ಪ್ರಸಂಗಪೀಠ ಏರಿದರೆ ಅದು ಅವಮಾನ ಮಾಡಿದಂತೆ ಆಗುತ್ತದೆ. ಖಾಸಗಿಯಾಗಿ ಹೇಳಿ ಅಲ್ಲಿಗೇ ಬಿಟ್ಟರೆ ರಾಜಿಯಾಗುತ್ತದೆ. ಸಭಾಪಾಲಕನ ಸಂಬಳ, ಮನೆ, ವಾಹನದ ಲೆಕ್ಕ ತೆರೆದಿಲ್ಲದಿದ್ದರೆ ಉಳಿದ ಮಾತನ್ನು ಯಾರೂ ಕೇಳುವುದಿಲ್ಲ.

ನ್ಯೂಯಾರ್ಕಿನ ಪೂರ್ವ ಬ್ರೂಕ್ಲಿನ್ನಿನ ಸಭೆಗಳು 1980ರ ದಶಕದಲ್ಲಿ ಪಾಳುಬಿದ್ದ ನಿವೇಶನಗಳಲ್ಲಿ ಬಡ ಕುಟುಂಬಗಳು ಕೊಳ್ಳಬಹುದಾದ ಮನೆಗಳನ್ನು ಸಾಲುಸಾಲಾಗಿ ಕಟ್ಟಿಸಿದಾಗ ಅವಕ್ಕೆ ಇಟ್ಟ ಹೆಸರೂ ನೆಹೆಮೀಯನದೇ.

ಹಣದ ವಿಷಯ ಚಿಕ್ಕದಾಗಿ ಹೇಳಿಬಿಡಬಹುದು. ಸೇವೆಯ ಹಣಕ್ಕೆ ಬೇರೆ ಖಾತೆ, ಇಬ್ಬರ ಸಹಿ, ಆ ಇಬ್ಬರೂ ಒಂದೇ ಮನೆಯವರಾಗಿರಬಾರದು. ಕನಿಷ್ಠ ಮೂರು ತಿಂಗಳ ಖರ್ಚು ಕೈಯಲ್ಲಿರಲಿ. ಊಟಕ್ಕೆಂದು ಬಂದ ಹಣವನ್ನು ಊಟಕ್ಕೇ ಬಳಸಿ, ವಕೀಲರ ವೆಚ್ಚಕ್ಕೆ ಬೇರೆಯೇ ಕೇಳಿ. ಕೇಳಿದರೆ ಕೊಡುವವರಿದ್ದಾರೆ, ಆದರೆ ಕಡಿಮೆ. 1985ರಲ್ಲಿ ಇಂಗ್ಲೆಂಡಿನ ಆರ್ಚ್‌ಬಿಷಪ್ಪರ ಆಯೋಗ ನಗರಗಳ ಬಡ ಪ್ರದೇಶಗಳ ಬಗ್ಗೆ ವರದಿ ಕೊಟ್ಟಾಗ 38 ಶಿಫಾರಸುಗಳು ಚರ್ಚಿಗೇ ಇದ್ದವು, 23 ಸರ್ಕಾರ ಮತ್ತು ದೇಶಕ್ಕೆ. ಗದ್ದಲವೆದ್ದದ್ದು ಆ ಇಪ್ಪತ್ತಮೂರರ ಬಗ್ಗೆ. ಊಟ ಹಾಕುವ ಸಭೆಯನ್ನು ಎಲ್ಲರೂ ಹೊಗಳುತ್ತಾರೆ. ಏಕೆ ಹಸಿವು ಎಂದು ಕೇಳಿದ ಸಭೆಗೆ ರಾಜಕೀಯ ಮಾಡುತ್ತಿದ್ದೀರಿ ಎನ್ನುತ್ತಾರೆ. ಇದಕ್ಕೆ ಸಭೆಯನ್ನು ಮೊದಲೇ ಸಿದ್ಧಪಡಿಸಿರಬೇಕು. ಯಾವ ಪಕ್ಷಕ್ಕೂ ಸಭೆಯ ವೇದಿಕೆ ಕೊಡುವುದಿಲ್ಲ, ಎಲ್ಲ ಪಕ್ಷದವರಿಗೂ ಅದೇ ಬೇಡಿಕೆ ಇಡುತ್ತೇವೆ ಎಂದು ಬರೆದು ಠರಾವು ಮಾಡಿಟ್ಟರೆ ಆಪಾದನೆ ಬಂದ ದಿನ ಕೈಗೆ ಬರುತ್ತದೆ.

ಇನ್ನೊಂದು ಆಪಾದನೆ ಮತಾಂತರದ್ದು. ಇದಕ್ಕೆ ಉತ್ತರ ಮಾತಿನಲ್ಲಿ ಕೊಡಲಾಗುವುದಿಲ್ಲ, ನಡೆಯಲ್ಲಿ ಕೊಡಬೇಕು. ಊಟದ ಮುಂಚೆ ಕಡ್ಡಾಯ ಪ್ರಾರ್ಥನೆ ಬೇಡ, ಅರ್ಜಿ ಬರೆದುಕೊಟ್ಟವರ ಕೈಗೆ ಕರಪತ್ರ ತುರುಕುವುದು ಬೇಡ, ಪಡೆಯುವವರ ಫೋಟೋ ಬೇಡ. ಕೇಳಿದವರಿಗೆ ನಮ್ಮ ನಂಬಿಕೆಯನ್ನು ಧೈರ್ಯವಾಗಿ ಹೇಳಬಹುದು, ಹೇಳಲೂಬೇಕು. ಆದರೆ ಹಸಿವನ್ನು ಸಾಧನವಾಗಿ ಬಳಸಿದ ಸುವಾರ್ತೆ ಸುವಾರ್ತೆಯೇ ಅಲ್ಲ. ಸೆರೆಯಾಗಿ ಹೋದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂದು ಪ್ರವಾದಿ ಯೆರೆಮೀಯ ಬರೆದ ಪತ್ರ (29:7) ಜನರನ್ನು ಸೆರೆಯೊಯ್ದಿದ್ದ ಬಾಬೆಲಿಗೇ ಹೋಗಿತ್ತು. ಬಾಬೆಲು ಬದಲಾದರೆ ಮಾತ್ರ ಎಂಬ ಷರತ್ತು ಅದರಲ್ಲಿಲ್ಲ.

ಕಟ್ಟಡವೂ ಒಂದು ಸಾಧನ. 1968ರ ಫೆಬ್ರುವರಿಯಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಪೌರಕಾರ್ಮಿಕರು ಸತ್ತಾಗ ಸುಮಾರು 1,300 ಜನ ಕೆಲಸ ನಿಲ್ಲಿಸಿದರು. ಕ್ಲೇಬಾರ್ನ್ ಟೆಂಪಲ್ ಎಂಬ ಚರ್ಚು ಅವರ ಮೆರವಣಿಗೆಗಳು ಹೊರಡುವ ಜಾಗವಾಯಿತು. ಸಭಾಪಾಲಕ ಜೇಮ್ಸ್ ಲಾಸನ್ ಬೆಂಬಲ ಸಮಿತಿಯ ಮುಂದಾಳಾದರು. ‘ನಾನೊಬ್ಬ ಮನುಷ್ಯ’ ಎಂಬ ಫಲಕ ಹಿಡಿದು ಅವರು ನಡೆದರು. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅಲ್ಲೇ ಹತರಾದರು. ಏಪ್ರಿಲ್ 16ರಂದು ನಗರ ಒಪ್ಪಂದಕ್ಕೆ ಬಂತು. ಮುಷ್ಕರದಲ್ಲಿರುವವರಿಗೆ ಬೇಕಾದದ್ದು ಕೂರುವ ಜಾಗ, ಶೌಚಾಲಯ, ಕುಡಿಯುವ ನೀರು, ಮನೆಯ ಬಾಡಿಗೆಗೆ ಒಂದಿಷ್ಟು ನಿಧಿ. ವಾರದಲ್ಲಿ ಆರು ದಿನ ಬೀಗ ಹಾಕಿರುವ ಸಭಾಂಗಣ ಎಷ್ಟೋ ಸಭೆಗಳ ಕೈಯಲ್ಲಿದೆ. ತೆರೆಯುವ ಮುಂಚೆ ಮೆಟ್ಟಿಲ ಪಕ್ಕ ಇಳಿಜಾರು, ಹೆಂಗಸರಿಗೆ ಬೇರೆ ಶೌಚಾಲಯ, ಮಕ್ಕಳಿರುವಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಎಂಬ ನಿಯಮ, ಇಷ್ಟು ಇರಲಿ. ಒಂದು ಬೀಗದ ಕೈ ಬಡಾವಣೆಯ ಸಮಿತಿಯ ಹತ್ತಿರವೇ ಇರಲಿ. ಬೀಗದ ಕೈ ಕೇಳಲು ಪ್ರತಿ ಸಲ ಸಭಾಪಾಲಕನ ಮನೆಗೆ ಬರಬೇಕಾದರೆ ಸಭಾಂಗಣ ಯಾರದು ಎಂಬುದರಲ್ಲಿ ಯಾರಿಗೂ ಸಂಶಯವಿರುವುದಿಲ್ಲ.

ನಿವೃತ್ತಿಯ ಬಗ್ಗೆಯೂ ಹೇಳಬೇಕು, ಈ ಸೇವೆಗಳು ಹೆಚ್ಚಾಗಿ ಸಾಯುವುದು ಸಭಾಪಾಲಕ ಬದಲಾದಾಗ. ಎಲ್ಲ ಅಧಿಕಾರಿಗಳ ಪರಿಚಯ ಒಬ್ಬರ ಫೋನಿನಲ್ಲಿ, ಎಲ್ಲ ಕಥೆ ಒಬ್ಬರ ತಲೆಯಲ್ಲಿ ಇದ್ದರೆ ಅವರು ಹೋದ ದಿನ ಅದೂ ಹೋಗುತ್ತದೆ. ಕೊನೆಯ ಎರಡು ವರ್ಷ ಪ್ರತಿ ಭೇಟಿಗೂ ನಿವಾಸಿಗಳಲ್ಲಿ ಒಬ್ಬರನ್ನು ಜೊತೆಗೆ ಕರೆದೊಯ್ಯಬೇಕು, ಕೊನೆಯ ಆರು ತಿಂಗಳು ಅವರೇ ಹೋಗಬೇಕು. ಒಂದು ಕಡತ ಸಿದ್ಧವಿರಲಿ: ನಡೆಯುತ್ತಿರುವ ಪ್ರತಿ ಪ್ರಕರಣದ ಒಂದು ಪುಟದ ಸಾರ, ಮುಂದಿನ ಗಡುವು, ಸ್ವೀಕೃತಿ ಪ್ರತಿಗಳು, ಯಾರಿಗೆ ಏನು ಮಾತು ಕೊಟ್ಟಿದೆ ಎಂಬ ಪಟ್ಟಿ. ಪಾಪನಿವೇದನೆಯಲ್ಲಿ, ಆಪ್ತ ಮಾತಿನಲ್ಲಿ ಕೇಳಿದ್ದು ಆ ಕಡತಕ್ಕೆ ಹೋಗಬಾರದು.

ಹೋದ ಮೇಲೆ ದೂರವಿರಬೇಕು. ಹಳೆಯ ಸಭೆಯವರು ಮದುವೆಗೆ, ಶವಸಂಸ್ಕಾರಕ್ಕೆ ಕರೆಯುತ್ತಾರೆ. ಹೊಸಬರ ಒಪ್ಪಿಗೆಯಿಲ್ಲದೆ ಹೋಗಬಾರದು. ಅಧಿಕಾರಿಗಳು ಹಳೆಯ ಪರಿಚಯಕ್ಕೆ ಫೋನ್ ಮಾಡಿ ‘ನಿಮ್ಮ ಹುಡುಗರಿಗೆ ಸ್ವಲ್ಪ ಬುದ್ಧಿ ಹೇಳಿ’ ಎನ್ನುತ್ತಾರೆ. ಸಮಿತಿಯ ಸಂಖ್ಯೆ ಕೊಟ್ಟು ಮಾತು ಮುಗಿಸಬೇಕು. ಆದರೆ ನಿವೃತ್ತರಿಗೇ ಒಪ್ಪುವ ಕೆಲಸಗಳೂ ಇವೆ. ಸಂಬಳದ ಹಂಗಿಲ್ಲದವರು ಬೇರೆ ಸಭೆಗಳಲ್ಲಿ ಕೂಲಿ ಬಾಕಿಯ ಲೆಕ್ಕ ಬರೆಯುವುದನ್ನು ಕಲಿಸಬಹುದು. ನ್ಯಾಯಾಲಯದಲ್ಲಿ ಪ್ರಕರಣ ಕರೆಯುವವರೆಗೆ ಇಡೀ ದಿನ ಒಬ್ಬ ಕೆಲಸಗಾರ್ತಿಯ ಪಕ್ಕ ಕೂರಬಹುದು. ಅದಕ್ಕೆ ಬೇಕಾದ ಬಿಡುವು ಸೇವೆಯಲ್ಲಿರುವ ಸಭಾಪಾಲಕರಿಗಿಲ್ಲ, ಮತ್ತು ಪ್ರಕರಣಗಳು ಮುಂದೂಡಿಕೆಯಾದ ದಿನ ಆಕೆಯ ಒಂದು ದಿನದ ಕೂಲಿ ಹೋಗಿರುತ್ತದೆ. ಆ ಕೂಲಿಯನ್ನು ಸಭೆಯ ನಿಧಿಯಿಂದ ಅದೇ ಸಂಜೆ ಕೊಡುವ ವ್ಯವಸ್ಥೆಯನ್ನು ಮೊದಲೇ ಮಾಡಿಡಿ. ಮೂರನೆಯ ಮುಂದೂಡಿಕೆಗೆ ಜನ ಪ್ರಕರಣ ಕೈಬಿಡುವುದು ಅದಿಲ್ಲದ್ದರಿಂದಲೇ.